ಒಂದು ಗೋಡೆ, ಎರಡು ಮನೆ: ಲೆಸ್ಟರ್‌ನ ಸಾಲುಮನೆಯಲ್ಲಿ ನೆಲೆಯೂರುವ ಕ್ರಮ

ಬೆಳಿಗ್ಗೆ ಐದೂವರೆಗೆ ಪಕ್ಕದ ಮನೆಯವರು ಚಹಾಕ್ಕೆ ಕೆಟಲ್ ಇಡುವ ಸದ್ದು ನನಗೆ ಕೇಳಿಸುತ್ತದೆ. ನನ್ನ ಕುಕ್ಕರಿನ ಮೂರನೆಯ ಸೀಟಿ ಅವರಿಗೆ ಕೇಳಿಸುತ್ತದೆ. ಇಬ್ಬರ ನಡುವೆ ಇರುವುದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಅರ್ಧ ಅವರದು, ಅರ್ಧ ನಾನಿರುವ ಮನೆಯ ಮಾಲೀಕರದು. ಪಕ್ಕದವರು, ಉಗಾಂಡ ತನ್ನಲ್ಲಿದ್ದ ಏಷ್ಯನ್ನರನ್ನು ಹೊರಹಾಕಿದ 1972ರಲ್ಲಿ ಅಲ್ಲಿಂದ ಬಂದ ಗುಜರಾತಿ ಅಜ್ಜಿ. ಬೀದಿಯಲ್ಲಿ ಎಲ್ಲರಿಗೂ ಅವರು "ಬಾ". ಗುಜರಾತಿಯಲ್ಲಿ ಅದು ತಾಯಿಗೆ, ಅಜ್ಜಿಗೆ ಸಲ್ಲುವ ಮರ್ಯಾದೆಯ ಮಾತು. ಕನ್ನಡದವಳಾದ ನನಗೋ ಅಷ್ಟು ಹಿರಿಯರನ್ನು ಏಕವಚನದಲ್ಲಿ ಒಳಗೆ ಕರೆದಂತಾಗಿ ಮೊದಲ ಆರು ತಿಂಗಳು ನಾಲಿಗೆ ಹಿಂಜರಿಯುತ್ತಿತ್ತು.

ಅವರು ಬಂದ ವರ್ಷವೇ ಇಂಗ್ಲೆಂಡಿನ ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮಲ್ಲಿ ಮನೆ, ಶಾಲೆ, ಆಸ್ಪತ್ರೆ ಎಲ್ಲ ಭರ್ತಿಯಾಗಿವೆ, ದಯವಿಟ್ಟು ಇತ್ತ ಬರಬೇಡಿ ಎಂದಿತ್ತು. ಅದನ್ನು ಓದಿದ ಮೇಲೆಯೇ ಲೆಸ್ಟರ್ ಎಂಬ ಊರಿದೆಯೆಂದು ಗೊತ್ತಾದವರಿದ್ದರು ಎಂದು ಬಾ ನಗುತ್ತಾರೆ. 2021ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 3,68,600. ಈಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಂತದಲ್ಲಿ ಇಷ್ಟು ಒತ್ತಾಗಿ ಜನ ಬದುಕುವ ಊರು ಇನ್ನೊಂದಿಲ್ಲ. ಒಂದು ಫುಟ್‌ಬಾಲ್ ಮೈದಾನದಷ್ಟು ಜಾಗಕ್ಕೆ ಸರಾಸರಿ 36 ಜನ. ಊರಿನ ಪೂರ್ವಕ್ಕೆ ಹೈಫೀಲ್ಡ್ಸ್, ಸ್ಪಿನ್ನಿ ಹಿಲ್ಸ್, ನಾರ್ತ್ ಎವಿಂಗ್ಟನ್, ಉತ್ತರಕ್ಕೆ ಬೆಲ್‌ಗ್ರೇವ್. ಇಲ್ಲಿನ ಸಾಲುಮನೆಗಳ ಬೀದಿಗಳಲ್ಲಿ ಒತ್ತು ಆ ಸರಾಸರಿಯನ್ನು ಮೀರಿದ್ದು.

ಇಲ್ಲಿನ ಆಸ್ಪತ್ರೆಗಳಿಗೆ, ಎರಡು ವಿಶ್ವವಿದ್ಯಾಲಯಗಳಿಗೆ ಕರ್ನಾಟಕದಿಂದ ಬರುವವರು ನನ್ನನ್ನು ಕೇಳುವ ಪ್ರಶ್ನೆ ಬಾಡಿಗೆ ಎಷ್ಟು ಎಂಬುದು. ಅದು ಎರಡನೆಯ ಪ್ರಶ್ನೆಯಾಗಬೇಕು. ಇಂಥ ಬೀದಿಯಲ್ಲಿ ಗೋಡೆ, ಚರಂಡಿ, ಸೂರು, ಹಿತ್ತಿಲ ದಾರಿ, ಕಾರು ನಿಲ್ಲಿಸುವ ಜಾಗ ಎಲ್ಲವೂ ಹಂಚಿಕೆಯವು. ನಾಲ್ಕು ಕೋಣೆಗೆ ಬಾಡಿಗೆ ಕೊಟ್ಟರೂ ನಾವು ವಾಸಿಸುವುದು ಈ ಹಂಚಿಕೆಯೊಳಗೆ. ಕೆಳಗಿನ ಕ್ರಮವನ್ನು ಆ ಕಣ್ಣಿನಿಂದಲೇ ಬರೆದಿದ್ದೇನೆ.

1. ಮೊದಲು ಬೀದಿಯನ್ನು ನೋಡಿ

ಏಜೆಂಟರು ಮನೆ ತೋರಿಸುವುದು ಹಗಲು ಹನ್ನೊಂದಕ್ಕೋ ಮಧ್ಯಾಹ್ನ ಎರಡಕ್ಕೋ. ಆಗ ಬೀದಿ ಖಾಲಿಯಿರುತ್ತದೆ, ಮಗುವಿನಂತೆ ಮಲಗಿರುತ್ತದೆ. ಅದನ್ನು ನಂಬಬೇಡಿ. ಸಂಜೆ ಏಳರ ಮೇಲೆ ಒಬ್ಬರೇ ಮತ್ತೊಮ್ಮೆ ಹೋಗಿ ಬೀದಿಯ ಆ ತುದಿಯಿಂದ ಈ ತುದಿಗೆ ನಡೆಯಿರಿ. ಕಾರುಗಳು ಎರಡೂ ಬದಿಗೆ ನಿಂತ ಮೇಲೆ ನಡುವೆ ಎಷ್ಟು ಜಾಗ ಉಳಿಯುತ್ತದೆ? ದೀಪವಿಲ್ಲದ ಮೂಲೆ ಯಾವುದು? ಶುಕ್ರವಾರ ಮಧ್ಯಾಹ್ನ ಮಸೀದಿಗೆ, ಭಾನುವಾರ ದೇವಸ್ಥಾನಕ್ಕೋ ಚರ್ಚಿಗೋ ಬರುವವರು ಕಾರನ್ನು ಎಲ್ಲಿ ನಿಲ್ಲಿಸುತ್ತಾರೆ?

ಕಸದ ದಿನವೂ ಒಮ್ಮೆ ಹೋದರೆ ಉತ್ತಮ. ಹರಿದ ಚೀಲ, ಪಾದಚಾರಿ ದಾರಿಯಲ್ಲಿ ಬಿದ್ದ ಹಳೆಯ ಹಾಸಿಗೆ, ಮೂರು ದಿನದಿಂದ ಹೊರಗೇ ನಿಂತ ಕಸದ ಡಬ್ಬಿ ಇವೆಲ್ಲ ಆ ಬೀದಿಯಲ್ಲಿ ಬಾಡಿಗೆದಾರರು ಎಷ್ಟು ಬೇಗ ಬೇಗ ಬದಲಾಗುತ್ತಾರೆ ಎಂಬುದನ್ನು ಹೇಳುತ್ತವೆ. ಒಂದು ಮನೆಯ ಮುಂದೆ ಯಾರಾದರೂ ಹೊಸ್ತಿಲು ಗುಡಿಸುತ್ತಿದ್ದರೆ ಮಾತನಾಡಿಸಿ. "ಆಯ್ ಅಪ್, ಮಿ ಡಕ್" ಎಂಬ ಉತ್ತರ ಬಂದರೆ ಗಾಬರಿಯಾಗಬೇಡಿ, ಯಾರೂ ನಿಮ್ಮನ್ನು ಬಾತುಕೋಳಿ ಎನ್ನುತ್ತಿಲ್ಲ. "ಏನಮ್ಮಾ, ಚೆನ್ನಾಗಿದ್ದೀಯಾ" ಎನ್ನುವ ಇಲ್ಲಿನ ಹಳಬರ ಅಕ್ಕರೆಯ ಮಾತು ಅದು.

2. ಮನೆಯ ಅಂಗರಚನೆ ತಿಳಿಯಿರಿ

ಈ ಬೀದಿಗಳಲ್ಲಿ ಬಹುಪಾಲು ಎದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಲೆಸ್ಟರ್‌ನ ಕಾಲುಚೀಲ, ಹೆಣಿಗೆ, ಬೂಟು ಕಾರ್ಖಾನೆಗಳ ಕೆಲಸಗಾರರು ನಡೆದೇ ಕೆಲಸಕ್ಕೆ ಹೋಗುವಷ್ಟು ಹತ್ತಿರದಲ್ಲಿ ಮನೆ ಬೇಕಿತ್ತು. ನಾರ್ತ್ ಎವಿಂಗ್ಟನ್‌ನ ದೊಡ್ಡ ಭಾಗವನ್ನು ಕಟ್ಟಿಸಿದವರು ಆರ್ಥರ್ ವೇಕರ್ಲಿ ಎಂಬ ವಾಸ್ತುಶಿಲ್ಪಿ. 1897ರಲ್ಲಿ ಊರಿನ ಮೇಯರ್ ಕೂಡ ಆದರು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ಬೆನ್ನಿಗೆ ಬಂದ ನಿಯಮಗಳು ಬೀದಿಯ ಅಗಲ, ಹಿತ್ತಿಲ ಜಾಗ, ಪಾಯಖಾನೆ ಹೀಗಿರಬೇಕೆಂದು ಗೊತ್ತುಮಾಡಿದವು. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು ಅದರಿಂದ.

ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ. ಹಿಂದಕ್ಕೆ ಬಾಲದಂತೆ ಚಾಚಿದ ಭಾಗದಲ್ಲಿ ಅಡುಗೆಮನೆ, ಅದನ್ನು ದಾಟಿದರೆ ಬಚ್ಚಲು. ಮುಂಬಾಗಿಲು ನೇರ ಪಾದಚಾರಿ ದಾರಿಗೆ ತೆರೆಯುತ್ತದೆ. ಜಗಲಿಯ ಮಾತೇ ಇಲ್ಲ. ಹಿಂದಿನ ಪುಟ್ಟ ಅಂಗಳದ ಮೂಲೆಯಲ್ಲಿ ಹಳೆಯ ಕಾಲದ ಹೊರಗಿನ ಪಾಯಖಾನೆ ಈಗ ಸೈಕಲ್ ಇಡುವ ಗೂಡಾಗಿರುತ್ತದೆ.

ಎರಡು ಮನೆಗಳ ನಡುವೆ ಸುರಂಗದಂಥ ಕಿರುದಾರಿಯೊಂದು ಹಿತ್ತಿಲಿಗೆ ಹೋಗುವುದನ್ನು ಗಮನಿಸಿ. ಅದಕ್ಕೆ "ಎಂಟ್ರಿ" ಎನ್ನುತ್ತಾರೆ. ಬೀದಿಯಿಂದ ಬೀದಿಗೆ ಹಾಯುವ ಓಣಿಯಾದರೆ ಅದು "ಜಿಟ್ಟಿ". ಈ ಮಾತು ಲಂಡನ್ನಿನವರಿಗೆ ಅರ್ಥವಾಗುವುದಿಲ್ಲ. ಎಂಟ್ರಿಯ ಮೇಲೊಂದು ಮಲಗುವ ಕೋಣೆ ಇರುತ್ತದೆ. ಅದು ನೀವು ನೋಡುತ್ತಿರುವ ಮನೆಗೆ ಸೇರಿದ್ದರೆ ಕೋಣೆ ದೊಡ್ಡದು ಎಂದು ಏಜೆಂಟರು ಹಿಗ್ಗುತ್ತಾರೆ. ಆದರೆ ಅದರ ನೆಲದ ಕೆಳಗೆ ಬಯಲ ಗಾಳಿ. ಜನವರಿಯಲ್ಲಿ ಆ ಕೋಣೆ ಬೆಚ್ಚಗಾಗುವಷ್ಟರಲ್ಲಿ ನಿದ್ದೆಯ ಹೊತ್ತು ಮೀರಿರುತ್ತದೆ. ಮಗುವಿಗೆ ಆ ಕೋಣೆ ಬೇಡ.

ನೋಡಲೇಬೇಕಾದವು ಇನ್ನೂ ಇವೆ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನಿಗೆ ಒಂದು ತೆಳು ಕಾಗದ ಹಿಡಿಯಿರಿ. ಅಂಟಿಕೊಂಡರೆ ಕೆಲಸ ಮಾಡುತ್ತಿದೆ. ಗಾಳಿ ಗೋಡೆಯಾಚೆ ಹೋಗುತ್ತದೆಯೋ ಅಲ್ಲೇ ಸುತ್ತಿ ಮರಳಿ ಬರುತ್ತದೆಯೋ ಕೇಳಿ. ಒಗ್ಗರಣೆ ಹಾಕುವವರಿಗೆ ಇದಕ್ಕಿಂತ ಮುಖ್ಯ ಪ್ರಶ್ನೆ ಇಲ್ಲ. ಕಪಾಟನ್ನು ಗೋಡೆಯಿಂದ ಸ್ವಲ್ಪ ಸರಿಸಿ ಹಿಂದೆ ಇಣುಕಿ. ಹೊಸ ಬಣ್ಣದ ವಾಸನೆ ಒಂದು ಮೂಲೆಯಿಂದ ಮಾತ್ರ ಬರುತ್ತಿದ್ದರೆ ಅಲ್ಲಿ ಏನನ್ನೋ ಮುಚ್ಚಿದ್ದಾರೆ.

3. ಸಹಿ ಹಾಕುವ ಮೊದಲು

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿನ ಕಾನೂನು ಉದಾರವಾಗಿ ಕಾಣುತ್ತದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಠೇವಣಿ ಐದು ವಾರದ ಬಾಡಿಗೆ ಮೀರುವಂತಿಲ್ಲ. ಮನೆ ಹಿಡಿದಿಡಲು ಕೊಡುವ ಹಣ ಒಂದು ವಾರದ ಬಾಡಿಗೆಯಷ್ಟೇ. ಠೇವಣಿಯನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ರಕ್ಷಣಾ ಯೋಜನೆಯೊಂದರಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಕೊಡದಿದ್ದರೆ ಠೇವಣಿಯ ಮೂರು ಪಟ್ಟಿನವರೆಗೆ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋಗಬಹುದು.

2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯ ಮುಖ್ಯ ಭಾಗಗಳು ಜಾರಿಗೆ ಬರುವ ದಿನ 2026ರ ಮೇ 1. ಅದರಂತೆ ಖಾಸಗಿ ಬಾಡಿಗೆಗೆ ಆರು ತಿಂಗಳು, ಒಂದು ವರ್ಷ ಎಂಬ ಅವಧಿಯ ಕಟ್ಟು ಇಲ್ಲ. ಬಾಡಿಗೆದಾರರು ಎರಡು ತಿಂಗಳ ಸೂಚನೆ ಕೊಟ್ಟು ಹೊರಡಬಹುದು. ಮಾಲೀಕರು ಕಾರಣ ಹೇಳದೆ ಬಿಡಿಸುವಂತಿಲ್ಲ. ಒಪ್ಪಂದಕ್ಕೆ ಸಹಿಯಾದ ಮೇಲೂ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವಂತಿಲ್ಲ, ಜಾಹೀರಾತಿನ ಮೊತ್ತಕ್ಕಿಂತ ಹೆಚ್ಚಿಗೆ ಹರಾಜು ಕೂಗಿಸುವಂತಿಲ್ಲ. ಇಲ್ಲಿ ಜಾಮೀನು ನಿಲ್ಲುವವರು ಇಲ್ಲವೆಂದು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ತೆತ್ತು ಬಂದ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಅವರ ಊರಿನ ಮನೆಯ ಚಿನ್ನ ಬ್ಯಾಂಕಿಗೆ ಹೋಗಿತ್ತು. ವಿದ್ಯಾರ್ಥಿಗಳಿಗೆಂದೇ ಕಟ್ಟಿದ ದೊಡ್ಡ ವಸತಿಗಳಿಗೆ ನಿಯಮ ಬೇರೆ, ಅಲ್ಲಿ ಒಪ್ಪಂದವನ್ನು ಓದಿ.

ಬಾಡಿಗೆಗಿರುವ ಹಕ್ಕು ನಿಮಗಿದೆಯೆಂದು ಆನ್‌ಲೈನಿನಲ್ಲಿ ತೋರಿಸುವ ಅಂಕಿ-ಅಕ್ಷರಗಳ ಗುರುತನ್ನು, ಅಂದರೆ ವೀಸಾದ ಶೇರ್ ಕೋಡನ್ನು, ಮಾಲೀಕರು ಕೇಳುತ್ತಾರೆ, ಅದು ಕಾನೂನು. ನೀವು ಕೇಳಬೇಕಾದದ್ದು: ಈ ವರ್ಷದ ಗ್ಯಾಸ್ ಸುರಕ್ಷತಾ ಪ್ರಮಾಣಪತ್ರ, ಐದು ವರ್ಷದೊಳಗಿನ ವಿದ್ಯುತ್ ತಪಾಸಣೆಯ ವರದಿ, ಮನೆಯ ಶಕ್ತಿ ದರ್ಜೆಯ ಪತ್ರ. ಪ್ರತಿ ಮಹಡಿಯಲ್ಲೂ ಹೊಗೆಯ ಅಲಾರಂ ಇರಬೇಕು.

ಒಂದೇ ಕುಟುಂಬದವರಲ್ಲದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿದ್ದರೆ ಆ ಮನೆಗೆ ಪರವಾನಗಿ ಬೇಕು, ಅಲ್ಲಿ ಒಬ್ಬರು ಮಲಗುವ ಕೋಣೆ 6.51 ಚದರ ಮೀಟರಿಗಿಂತ ಚಿಕ್ಕದಾಗಿರುವಂತಿಲ್ಲ. ಟೇಪು ಒಯ್ಯಿರಿ. ನಗುತ್ತಾರೆ, ನಗಲಿ. ಲೆಸ್ಟರ್‌ನ ವೆಸ್ಟ್‌ಕೋಟ್ಸ್, ಫಾಸ್, ಸ್ಟೋನಿಗೇಟ್ ಮೊದಲಾದ ಕಡೆಯ ಕೆಲವು ಭಾಗಗಳಲ್ಲಿ 2022ರ ಅಕ್ಟೋಬರ್‌ನಿಂದ ಒಂದು ಕುಟುಂಬದ ಬಾಡಿಗೆ ಮನೆಗೂ ಪರವಾನಗಿ ಬಂದಿದೆ. ನಿಮ್ಮ ಬೀದಿ ಅದರೊಳಗಿದೆಯೇ ಎಂದು ನಗರಸಭೆಯ ಜಾಲತಾಣದಲ್ಲಿ ನೋಡಿ.

4. ಬೀಗದ ಕೈ ಸಿಕ್ಕ ದಿನ

ಪೆಟ್ಟಿಗೆ ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಗ್ಯಾಸ್ ಮೀಟರ್, ವಿದ್ಯುತ್ ಮೀಟರ್, ಇದ್ದರೆ ನೀರಿನ ಮೀಟರ್. ಪ್ರತಿ ಕೋಣೆಯ ನಾಲ್ಕು ಮೂಲೆ, ಒಲೆಯ ಒಳಭಾಗ, ನೆಲಹಾಸಿನ ಕಲೆ. ನನ್ನ ಮೊದಲ ಮನೆಯಲ್ಲಿ ಪ್ರಯಾಣದ ಸುಸ್ತಿಗೆ ಇದನ್ನು ಮಾಡಲಿಲ್ಲ. ಬಿಡುವಾಗ, ನಾನು ಬರುವ ಮೊದಲೇ ಇದ್ದ ಇಸ್ತ್ರಿ ಪೆಟ್ಟಿಗೆಯ ಗುರುತಿಗೆ ನೆಲಹಾಸಿನ ಬೆಲೆ ಕಡಿತವಾಯಿತು. ನನ್ನಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇರಲಿಲ್ಲ ಎಂದರೆ ನಂಬುವವರು ಯಾರು?

ನೀರಿನ ಮುಖ್ಯ ನಲ್ಲಿ ಎಲ್ಲಿದೆ ಎಂದು ಹುಡುಕಿ, ಒಮ್ಮೆ ತಿರುಗಿಸಿ ನೋಡಿ. ಸಾಮಾನ್ಯವಾಗಿ ಅಡುಗೆಮನೆಯ ಸಿಂಕಿನ ಕೆಳಗಿರುತ್ತದೆ. ಮನೆಯನ್ನೂ ನೀರನ್ನೂ ಕಾಯಿಸುವ ಬಾಯ್ಲರ್ ತಣ್ಣಗಿರುವಾಗ ಅದರ ಒತ್ತಡದ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಗ್ಯಾಸ್ ವಾಸನೆ ಬಂದರೆ 0800 111 999, ಕರೆಂಟು ಹೋದರೆ 105, ತುರ್ತಲ್ಲದ ಆರೋಗ್ಯ ಸಲಹೆಗೆ 111, ತುರ್ತಲ್ಲದ ಪೊಲೀಸ್ ವಿಷಯಕ್ಕೆ 101, ಪ್ರಾಣದ ಪ್ರಶ್ನೆಗೆ 999. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಮೊದಲ ವಾರದೊಳಗೆ ನಗರಸಭೆಯ ಕೌನ್ಸಿಲ್ ತೆರಿಗೆಗೆ ಹೆಸರು ಕೊಡಿ. ಮನೆಗಳನ್ನು 1991ರ ಏಪ್ರಿಲ್‌ನ ಬೆಲೆಯಂತೆ ಎಂಟು ವರ್ಗ ಮಾಡಿದ್ದಾರೆ. ನಮ್ಮ ಸಾಲುಮನೆಗಳು ಹೆಚ್ಚಾಗಿ ಅತಿ ಕಡಿಮೆಯ ಎ ವರ್ಗದಲ್ಲಿ ಬರುತ್ತವೆ. ಒಬ್ಬರೇ ವಯಸ್ಕರಿದ್ದರೆ 25 ಶೇಕಡ ರಿಯಾಯಿತಿ. ಮನೆಯವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ. ಗಂಡ ಕೆಲಸದಲ್ಲಿ, ಹೆಂಡತಿ ಪೂರ್ಣಾವಧಿ ಓದಿನಲ್ಲಿ ಇದ್ದರೆ ಲೆಕ್ಕಕ್ಕೆ ಒಬ್ಬರೇ ವಯಸ್ಕರು. ಆ 25 ಶೇಕಡವನ್ನು ಕೇಳದೆ ಬಿಟ್ಟವರು ನಮ್ಮಲ್ಲಿ ಬಹಳ. ಕುಟುಂಬ ವೈದ್ಯರ ಬಳಿ ನೋಂದಣಿಯನ್ನು ಆರೋಗ್ಯವಾಗಿರುವಾಗಲೇ ಮಾಡಿ. ವಿಳಾಸದ ದಾಖಲೆ ಇಲ್ಲವೆಂದು ಅವರು ನಿರಾಕರಿಸುವಂತಿಲ್ಲ.

ಇನ್ನೊಂದು ಸಂಗತಿ ಹೊಸಬರಿಗೆ ಆಶ್ಚರ್ಯ ಹುಟ್ಟಿಸುತ್ತದೆ. ವೀಸಾದ ಮೇಲೆ ಇಲ್ಲಿ ವಾಸಿಸುವ ಭಾರತೀಯ ಪ್ರಜೆಗೆ, ಕಾಮನ್‌ವೆಲ್ತ್ ನಾಗರಿಕತ್ವದ ಕಾರಣ, ಇಲ್ಲಿನ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಿ; ಮತಗಟ್ಟೆಯಲ್ಲಿ ಭಾರತದ ಪಾಸ್‌ಪೋರ್ಟೇ ಗುರುತಿನ ಚೀಟಿಯಾಗಿ ನಡೆಯುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲ, ಮೊಬೈಲ್ ಒಪ್ಪಂದಗಳಿಗೂ ಅನುಕೂಲ.

5. ತೇವದೊಡನೆ ಯುದ್ಧ

ಇದನ್ನು ಉದ್ದವಾಗಿ ಬರೆಯುತ್ತೇನೆ. ಈ ಮನೆಗಳಲ್ಲಿ ನಮ್ಮವರು ಸೋಲುವುದು ಚಳಿಗಲ್ಲ, ತೇವಕ್ಕೆ.

ಹಳೆಯ ಇಟ್ಟಿಗೆ ಗೋಡೆಯ ನಡುವೆ ಗಾಳಿಯ ಪದರವಿಲ್ಲ. ಚಳಿಗಾಲದಲ್ಲಿ ಹೊರಗೋಡೆಯ ಒಳಮೈ ಕಲ್ಲಿನಷ್ಟು ತಣ್ಣಗಿರುತ್ತದೆ. ಅನ್ನ ಬೇಯುವ ಆವಿ, ಬಿಸಿನೀರ ಸ್ನಾನದ ಆವಿ, ಒಣಹಾಕಿದ ಬಟ್ಟೆಯ ಆವಿ, ಮಲಗಿದವರ ಉಸಿರು ಎಲ್ಲವೂ ಹೋಗಿ ಆ ತಣ್ಣನೆಯ ಮೈಗೆ ನೀರಾಗಿ ಕೂರುತ್ತದೆ. ಮೊದಲ ನಿರ್ಮಾತೃಗಳು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ಆಗ ಪ್ರತಿ ಕೋಣೆಯಲ್ಲೂ ಬೆಂಕಿಗೂಡು ಇತ್ತು. ಹೊಗೆಯೊಡನೆ ಒದ್ದೆ ಗಾಳಿಯೂ ಮೇಲೇರಿ ಹೋಗುತ್ತಿತ್ತು. ನಾವು ಗೂಡು ಮುಚ್ಚಿ, ಕಿಟಕಿಗೆ ಎರಡು ಪದರದ ಗಾಜು ಹಾಕಿ, ಬಿರುಕಿಗೆ ಅಂಟು ಮೆತ್ತಿ, ಒಳಗೆ ಸಾರು ಕುದಿಸುತ್ತೇವೆ.

ಮೊದಲು ತೇವ ಎಲ್ಲಿಯದು ಎಂದು ಗುರುತಿಸಿ. ಮೂಲೆಗಳಲ್ಲಿ, ಕಪಾಟಿನ ಹಿಂದೆ, ಕಿಟಕಿಯ ಸುತ್ತ ಕರಿಯ ಚುಕ್ಕಿಗಳ ಬೂಷ್ಟು ಬಂದರೆ ಅದು ಒಳಗಿನ ಆವಿ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಕಲೆ ಏರಿ ಅಲ್ಲಿ ಉಪ್ಪಿನ ಗೆರೆ ನಿಂತರೆ ನೆಲದಿಂದ ಬರುವ ತೇವ. ಮಳೆಯ ಮರುದಿನ ಮೇಲಿನ ಮೂಲೆಯಲ್ಲಿ ಕಂದು ಕಲೆ ದೊಡ್ಡದಾದರೆ ಸೂರಿನಂಚಿನಲ್ಲಿ ನೀರು ಹಿಡಿಯುವ ದಂಬೆ ಕಟ್ಟಿಕೊಂಡಿದೆ. ಸಾಲುಮನೆಯ ದಂಬೆ ಮನೆಯಿಂದ ಮನೆಗೆ ಹರಿಯುತ್ತದೆ. ಮೂರು ಮನೆಯಾಚೆ ಎಲೆ ಸಿಕ್ಕಿಕೊಂಡರೂ ನಿಮ್ಮ ಗೋಡೆ ನೆನೆಯಬಹುದು. ಎರಡನೆಯದೂ ಮೂರನೆಯದೂ ಮಾಲೀಕರ ಕೆಲಸ. ಫೋಟೊದೊಡನೆ ಬರಹದಲ್ಲಿ ತಿಳಿಸಿ, ಫೋನಿನ ಮಾತಿಗೆ ಸಾಕ್ಷಿಯಿಲ್ಲ.

ಮೊದಲನೆಯದಕ್ಕೆ ನಮ್ಮ ಕೈಯಲ್ಲೂ ಉಪಾಯವಿದೆ. ಬೆಳಿಗ್ಗೆ ಎದ್ದೊಡನೆ ಕಿಟಕಿ ಗಾಜಿನ ನೀರನ್ನು ಬಟ್ಟೆಯಿಂದ ಒರಸಿ, ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿ. ಹೀಟರಿನ ಮೇಲೆ ಒಣಹಾಕಿದರೆ ಅದೇ ನೀರು ಮತ್ತೆ ಗೋಡೆಗೆ. ಹೊರಗೆ ಎಷ್ಟೇ ಚಳಿಯಿರಲಿ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ತೆರೆಯಿರಿ. ಪಾತ್ರೆಗೆ ಮುಚ್ಚಳ, ಅಡುಗೆಮನೆಗೆ ಮುಚ್ಚಿದ ಬಾಗಿಲು, ಒಲೆ ಆರಿಸಿದ ಮೇಲೂ ಕಾಲು ಗಂಟೆ ಫ್ಯಾನು. ಕಪಾಟು, ಮಂಚ ಹೊರಗೋಡೆಗೆ ತಾಗದೆ ಒಂದು ಗೇಣು ದೂರ ಇರಲಿ. ಉಳಿತಾಯಕ್ಕೆಂದು ಹಗಲೆಲ್ಲ ಹೀಟರ್ ಆರಿಸಿ ರಾತ್ರಿ ಒಮ್ಮೆಲೇ ಉರಿಸುವುದಕ್ಕಿಂತ ಮನೆಯನ್ನು 18 ಡಿಗ್ರಿಯ ಸುತ್ತ ಸಮವಾಗಿ ಇಡುವುದು ಗೋಡೆಗೂ ಎದೆಗೂ ಒಳ್ಳೆಯದು. ಒಂದು ಕೋಣೆಯನ್ನಷ್ಟೇ ಕಾಯಿಸಿ ಉಳಿದವನ್ನು ತಣ್ಣಗೆ ಬಿಟ್ಟರೆ ಆವಿಯೆಲ್ಲ ಆ ತಣ್ಣನೆಯ ಕೋಣೆಗೆ ವಲಸೆ ಹೋಗುತ್ತದೆ.

ಬಟ್ಟೆಯ ವಿಷಯದಲ್ಲಿ ಹಟ ಬೇಡ. ಬಿಸಿಲು ಕಂಡ ದಿನ ಅಂಗಳದ ಹಗ್ಗ, ಇಲ್ಲದ ದಿನ ಬಚ್ಚಲಿನಲ್ಲಿ ಬಾಗಿಲು ಮುಚ್ಚಿ, ಕಿಟಕಿ ತೆರೆದು. ತೇವ ಹೀರುವ ಯಂತ್ರವೊಂದನ್ನು ಕೊಂಡ ಮೇಲೆ ಅದರ ಡಬ್ಬಿಯಲ್ಲಿ ದಿನವೂ ತುಂಬುವ ನೀರನ್ನು ನೋಡಿ ನಾನೇ ಬೆರಗಾದೆ. ಅಷ್ಟೂ ನಮ್ಮ ಗೋಡೆ ಕುಡಿಯುತ್ತಿತ್ತು. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಅದರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಬೂಷ್ಟಿಗೆಂದೇ ಮಾರುವ ದ್ರಾವಣದಿಂದ ಒರಸಿ.

ಇಷ್ಟು ಮಾಡಿಯೂ ಬೂಷ್ಟು ಮರಳಿದರೆ ತಪ್ಪು ನಿಮ್ಮದಲ್ಲ. "ನೀವು ಭಾರತೀಯರು ತುಂಬ ಅಡುಗೆ ಮಾಡುತ್ತೀರಿ" ಎಂಬ ಮಾತನ್ನು ನಾನೂ ಕೇಳಿಸಿಕೊಂಡಿದ್ದೇನೆ. ಮನೆ ಇರುವುದೇ ಅಡುಗೆ ಮಾಡಿ ಉಣ್ಣಲಿಕ್ಕೆ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ಬೂಷ್ಟು ತುಂಬಿದ ಮನೆಯಲ್ಲಿ ಉಸಿರಾಟ ಕೆಟ್ಟು ತೀರಿಕೊಂಡಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಯ ಮಾಲೀಕರಿಗೆ ದುರಸ್ತಿಯ ಗಡುವು ಹಾಕಿದೆ. ಖಾಸಗಿ ಬಾಡಿಗೆಗೂ ಅದನ್ನು ಚಾಚಲು ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿ ದಾರಿಯಿದೆ. ಮಾಲೀಕರು ಕದಲದಿದ್ದರೆ ನಗರಸಭೆಯ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಿರಿ. ಅವರು ಬಂದು ನೋಡಿ ಮಾಲೀಕರಿಗೆ ನೋಟಿಸು ಕೊಡಬಲ್ಲರು.

ತೇವದ ನಡುವೆ ಒಂದು ಸಿಹಿ: ದೋಸೆ ಹಿಟ್ಟು ಹುದುಗಲು ಬಾಯ್ಲರ್ ಇರುವ ಕಪಾಟಿಗಿಂತ ಒಳ್ಳೆಯ ಜಾಗ ಇಂಗ್ಲೆಂಡಿನಲ್ಲಿ ಇಲ್ಲ.

6. ಸದ್ದಿನ ಲೆಕ್ಕ

ನೆಲದ ಹಲಗೆ ಹೊತ್ತ ಮರದ ತೊಲೆಗಳ ತುದಿ ಎಷ್ಟೋ ಮನೆಗಳಲ್ಲಿ ನಡುಗೋಡೆಯೊಳಗೇ ಕೂತಿರುತ್ತದೆ. ಆದ್ದರಿಂದ ಮಾತಿಗಿಂತ ಹೆಜ್ಜೆಯ ಸದ್ದು ದೂರ ಹೋಗುತ್ತದೆ. ಮಿಕ್ಸಿ, ಗ್ರೈಂಡರನ್ನು ನಡುಗೋಡೆಗೆ ತಾಗಿದ ಕಟ್ಟೆಯ ಮೇಲಿಡದೆ ಎದುರು ಬದಿಗೆ, ದಪ್ಪ ರಬ್ಬರ್ ಚಾಪೆಯ ಮೇಲಿಡಿ. ಬಟ್ಟೆ ಒಗೆಯುವ ಯಂತ್ರವನ್ನು ಕಡಿಮೆ ದರವೆಂದು ನಡುರಾತ್ರಿ ತಿರುಗಿಸಬೇಡಿ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗಿನ ಗದ್ದಲಕ್ಕೆ ಕಾನೂನಿನಲ್ಲೇ ಬೇರೆ ಮಿತಿಯಿದೆ. ಮಂಚದ ತಲೆ, ಟಿವಿ ಎರಡೂ ನಡುಗೋಡೆಯ ಕಡೆಗೆ ಬೇಡ.

ಪಕ್ಕದ ಮನೆಯ ಸದ್ದು ನಿಮ್ಮ ನಿದ್ದೆ ಕೆಡಿಸಿದರೆ ಗೋಡೆಗೆ ಗುದ್ದಬೇಡಿ. ಗೋಡೆಗೆ ಗುದ್ದಿದವರ ಮುಖವನ್ನು ಮರುದಿನ ಹೊಸ್ತಿಲಲ್ಲೇ ನೋಡಬೇಕಾಗುತ್ತದೆ, ಏಕೆಂದರೆ ಎರಡೂ ಮನೆಯ ಬಾಗಿಲುಗಳ ನಡುವೆ ಎರಡು ಮಾರು ಜಾಗವಿಲ್ಲ. ಹಗಲಿನಲ್ಲಿ, ಅವರ ಕೈ ಖಾಲಿಯಿರುವಾಗ ಹೋಗಿ ಹೇಳಿ. ಹೇಳಿದರೂ ನಿಲ್ಲದಿದ್ದರೆ ದಿನ, ಹೊತ್ತು, ಎಷ್ಟು ಸಮಯ ಎಂದು ಬರೆದಿಟ್ಟು ನಗರಸಭೆಗೆ ಕೊಡಿ. ಬರಹವಿಲ್ಲದ ದೂರಿಗೆ ಕಾಲಿಲ್ಲ.

ಸ್ವಂತ ಮನೆ ಕೊಂಡವರಿಗೆ: ನಡುಗೋಡೆಯನ್ನು ಕತ್ತರಿಸುವ, ಅದರ ಮೇಲೆ ಕಟ್ಟುವ ಕೆಲಸಕ್ಕೆ 1996ರ ನಡುಗೋಡೆ ಕಾಯ್ದೆಯಂತೆ ಪಕ್ಕದವರಿಗೆ ಎರಡು ತಿಂಗಳ ಮೊದಲು ಬರಹದ ಸೂಚನೆ ಬೇಕು. ದೇವರ ಪಟಕ್ಕೆ ಮೊಳೆ ಹೊಡೆಯಲು ಬೇಡ.

7. ಕಸ ಮತ್ತು ಚರಂಡಿ

ಕಸದ ದಿನವನ್ನು ಪಿನ್‌ಕೋಡ್ ಹಾಕಿ ನಗರಸಭೆಯ ತಾಣದಲ್ಲಿ ತಿಳಿಯಿರಿ. ಲೆಸ್ಟರ್‌ನಲ್ಲಿ ಮರುಬಳಕೆಯ ವಸ್ತುಗಳಿಗೆ ಬಹುಕಾಲದಿಂದ ಕಿತ್ತಳೆ ಬಣ್ಣದ ಚೀಲ, ಉಳಿದದ್ದಕ್ಕೆ ಚಕ್ರದ ಡಬ್ಬಿ. ಡಬ್ಬಿಯನ್ನು ಹಿಂದಿನ ದಿನವೇ ಬೀದಿಗೆ ತಳ್ಳಿ ವಾರವಿಡೀ ಅಲ್ಲೇ ಬಿಟ್ಟರೆ ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ರಸ್ತೆಗೆ ಇಳಿಯಬೇಕಾಗುತ್ತದೆ. ಲಾರಿ ಹೋದೊಡನೆ ಎಂಟ್ರಿಯಿಂದ ಒಳಗೆ ತನ್ನಿ. ಪಕ್ಕದವರದನ್ನೂ ತಂದರೆ ವರ್ಷಗಟ್ಟಲೆ ನೆನೆಯುತ್ತಾರೆ. ಅನ್ನ, ಮಾಂಸದ ಚೂರು ಚೀಲದಲ್ಲಿದ್ದರೆ ರಾತ್ರಿ ನರಿ ಬಂದು ಬಿಚ್ಚುತ್ತದೆ. ಹೌದು, ನರಿಯೇ, ಇಂಗ್ಲೆಂಡಿನ ಊರೊಳಗೆ ಅವು ನಾಯಿಯಷ್ಟೇ ಸಲೀಸಾಗಿ ಓಡಾಡುತ್ತವೆ. ಹಳೆಯ ಸೋಫಾ ಎಸೆಯಲು ನಗರಸಭೆಯನ್ನೇ ಕರೆಯಿರಿ. ಹತ್ತು ಪೌಂಡಿಗೆ ಒಯ್ಯುತ್ತೇನೆಂದ ವ್ಯಾನಿನವನು ಅದನ್ನು ಜಿಟ್ಟಿಯಲ್ಲಿ ಬಿಸಾಡಿದರೆ ದಂಡ ನಿಮಗೂ ಬೀಳಬಹುದು.

ತುಪ್ಪ, ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಚಳಿಗೆ ಅದು ಕೊಳವೆಯಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ, ಆ ಕೊಳವೆ ಸಾಲಿನ ಎಷ್ಟೋ ಮನೆಗಳಿಗೆ ಒಂದೇ. ಕಟ್ಟಿಕೊಂಡರೆ ಗಡಿಬಿಡಿಯಲ್ಲಿ ಖಾಸಗಿಯವರನ್ನು ಕರೆದು ನೂರಾರು ಪೌಂಡ್ ಕೊಡುವ ಮೊದಲು ಒಂದು ಮಾತು ನೆನಪಿಡಿ: 2011ರ ಅಕ್ಟೋಬರ್ 1ರಿಂದ, ಒಂದಕ್ಕಿಂತ ಹೆಚ್ಚು ಮನೆಗಳ ಕೊಳಚೆ ಒಯ್ಯುವ ಹಂಚಿಕೆಯ ಕೊಳವೆಗಳ ಹೊಣೆ ನೀರು ಸರಬರಾಜು ಕಂಪನಿಯದು. ಮೊದಲ ಕರೆ ಅವರಿಗೆ.

8. ಕಾರು

ಸಾಧ್ಯವಾದರೆ ಕೊಳ್ಳಬೇಡಿ. ಮನೆಯ ಮುಂದಿನ ಜಾಗ ನಿಮ್ಮದಲ್ಲ. ಪರವಾನಗಿ ಇರುವ ಬೀದಿಯಲ್ಲೂ ಪರವಾನಗಿ ಬೀದಿಗೆ, ಜಾಗಕ್ಕಲ್ಲ. ಕುರ್ಚಿ, ಬಕೆಟ್ ಇಟ್ಟು ಜಾಗ ಹಿಡಿಯುವವರಿದ್ದಾರೆ, ಅದಕ್ಕೆ ಕಾನೂನಿನ ಬೆಂಬಲವಿಲ್ಲ. 2025ರಿಂದ ಇಂಗ್ಲೆಂಡಿನಲ್ಲಿ ಯೋಜನೆಗೆ ಸೇರಿದ ಬಸ್ಸುಗಳ ಒಂದು ಪ್ರಯಾಣಕ್ಕೆ 3 ಪೌಂಡ್ ಮಿತಿಯಿದೆ, ಸಿಟಿಗೆ ಇಪ್ಪತ್ತು ಮೂವತ್ತು ನಿಮಿಷದ ನಡಿಗೆ.

9. ನೆರೆಹೊರೆ

ಬಂದ ವಾರವೇ ಎರಡೂ ಪಕ್ಕದ ಬಾಗಿಲು ತಟ್ಟಿ ಹೆಸರು ಹೇಳಿ. ನಾನು ಕೊಬ್ಬರಿ ಮಿಠಾಯಿ ಒಯ್ದಿದ್ದೆ. ಬಾ ಡಬ್ಬಿಯನ್ನು ಖಾಲಿ ಮರಳಿಸಲಿಲ್ಲ, ಢೋಕ್ಲಾ ತುಂಬಿ ಕಳಿಸಿದರು. ನಮ್ಮ ಊರಿನ ಲೆಕ್ಕವೇ. ಇನ್ನೊಂದು ಪಕ್ಕದ ಇಂಗ್ಲಿಷ್ ಯಜಮಾನರಿಗೆ ಹಾಲಿನ ಅಲರ್ಜಿ. ಆದ್ದರಿಂದ ಅಲರ್ಜಿ ಕೇಳಿ ಕೊಡಿ. ಪಾರ್ಸೆಲ್ ಬಂದಾಗ ನೀವು ಮನೆಯಲ್ಲಿಲ್ಲದಿದ್ದರೆ ಹಿಡಿದಿಡುವವರು ಇವರೇ.

ದೀಪಾವಳಿಗೆ ಬೆಲ್‌ಗ್ರೇವ್ ರಸ್ತೆಯಲ್ಲಿ ಜನಸಾಗರ. ಕರಿಬೇವು, ತೊಗರಿಬೇಳೆ, ಮೆಂತ್ಯ ಸೊಪ್ಪಿಗೂ ಅದೇ ರಸ್ತೆ. ರಾಗಿ ಹಿಟ್ಟಿಗೆ ಮಾತ್ರ ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಪಟಾಕಿ ಹೊಡೆಯಲು ಸಾಮಾನ್ಯ ದಿನಗಳಲ್ಲಿ ರಾತ್ರಿ 11 ಕೊನೆ, ಇಲ್ಲಿನವರ ಪಟಾಕಿ ಹಬ್ಬವಾದ ನವೆಂಬರ್ 5ರಂದು ಮಧ್ಯರಾತ್ರಿ, ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಕಾನೂನೇ ಬಿಟ್ಟಿದೆ. ಕಾನೂನು ಬಿಟ್ಟರೂ ಎದುರು ಮನೆಯ ಕೂಸು ಬಿಡುವುದಿಲ್ಲ, ಮೊದಲೇ ಹೇಳಿಡಿ.

ಒಂದು ಕಹಿ ಮಾತು. 2022ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಲೆಸ್ಟರ್‌ನ ಪೂರ್ವಭಾಗದ ಬೀದಿಗಳಲ್ಲಿ ಹಿಂದೂ ಮತ್ತು ಮುಸ್ಲಿಂ ಯುವಕರ ಗುಂಪುಗಳ ನಡುವೆ ಗಲಭೆಯಾಯಿತು. ಫೋನಿನಿಂದ ಫೋನಿಗೆ ಹಾರಿದ ಸುಳ್ಳು ಸುದ್ದಿಗಳು ಅದಕ್ಕೆ ಎಣ್ಣೆ ಸುರಿದವು. ಆ ದಿನಗಳಲ್ಲಿ ನಮ್ಮ ಬೀದಿಯ ಪಾಕಿಸ್ತಾನಿ ಟ್ಯಾಕ್ಸಿ ಚಾಲಕರು ಬಾ ಅವರನ್ನು ಔಷಧಿ ಅಂಗಡಿಗೆ ಕರೆದೊಯ್ದು ಕರೆತರುತ್ತಿದ್ದರು. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ "ನಿಮ್ಮ ಕಡೆ ಹೀಗಂತೆ" ಎಂದು ಬಂದದ್ದನ್ನು ಮುಂದಕ್ಕೆ ಕಳಿಸುವ ಮೊದಲು ಬಾಗಿಲು ತೆರೆದು ಬೀದಿಯನ್ನು ನೋಡಿ.

10. ಬಿಡುವಾಗ

ಸೂಚನೆಯನ್ನು ಬರಹದಲ್ಲಿ ಕೊಡಿ. ಕೊನೆಯ ದಿನ ಮತ್ತೆ ಮೀಟರುಗಳ ಫೋಟೊ, ಅದೇ ಮೂಲೆಗಳ ಫೋಟೊ. ಒಲೆಯ ಫೋಟೊ ಅದನ್ನು ತೊಳೆದ ಮೇಲೆ. ಕೌನ್ಸಿಲ್ ತೆರಿಗೆ, ಗ್ಯಾಸ್, ನೀರು, ಬ್ಯಾಂಕಿಗೆ ಹೊಸ ವಿಳಾಸ ತಿಳಿಸಿ. ಅಂಚೆಯನ್ನು ಹೊಸ ಮನೆಗೆ ತಿರುಗಿಸಲು ಹಣ ಕಟ್ಟಬೇಕಾಗುತ್ತದೆ, ಆದರೂ ಮಾಡಿ. ಠೇವಣಿಯಲ್ಲಿ ಕಡಿತ ಹೇಳಿದರೆ ಒಪ್ಪಬೇಕೆಂದಿಲ್ಲ. ಹಣ ಇಟ್ಟ ಯೋಜನೆಯವರೇ ಉಚಿತವಾಗಿ ವ್ಯಾಜ್ಯ ತೀರಿಸುತ್ತಾರೆ, ಆಗ ನಿಮ್ಮ ಮೊದಲ ದಿನದ ಫೋಟೊ ಮಾತನಾಡುತ್ತದೆ.

ಕಿತ್ತಳೆ ಚೀಲದ ಸುರುಳಿ ಉಳಿದಿದ್ದರೆ ಮುಂದಿನವರಿಗೆ ಸಿಂಕಿನ ಕೆಳಗೆ ಬಿಡಿ. ಎಂಟ್ರಿಯ ಬಾಗಿಲಿನ ಕೀಲಿಯನ್ನು ಮಾತ್ರ ಮರೆತು ಜೇಬಿನಲ್ಲಿ ಒಯ್ಯಬೇಡಿ. ಏಜೆಂಟರ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ, ಅದರ ಇನ್ನೊಂದು ನಕಲು ಇರುವುದು ಪಕ್ಕದ ಮನೆಯವರ ಬಳಿ.